ಭಟ್ಟಿಯ ಹೊರಗಿನ ಕಲ್ಲು

“ಅವ್ವಾ, ಬಸುರಿಯಾದವಳು ಬಿಸಿಕೋಣೆಯಲ್ಲಿ ಯೋಗ ಮಾಡಬಹುದಾ? ಬೇರೆಯವರಿಗೆ ಕಲಿಸಬಹುದಾ?”

ಶಾಂಭವಿ ಬಾಯಿಬಿಟ್ಟು ಕೇಳಿದ್ದು ಇಷ್ಟೇ. ನಿಜ ಹೇಳಬೇಕೆಂದರೆ ಅವಳು ಕೇಳಲು ಬಂದವಳಲ್ಲ. ಗುರುವಿನ ಬಾಯಿಂದ ಒಂದು ‘ಹೂಂ’ ಹೊರಡಿಸಿಕೊಂಡು, ಅದನ್ನು ಮನೆಯವರ ಮುಂದೆ ಹಿಡಿಯಲು ಬಂದವಳು.

ಅವಳಿಗೆ ಆರು ತಿಂಗಳು ತುಂಬಿತ್ತು. ಪೇಟೆಯಲ್ಲಿ ಅವಳದೇ ಒಂದು ಯೋಗಶಾಲೆ ಇತ್ತು. ಕಿಟಕಿ ಮುಚ್ಚಿ, ಹೀಟರ್ ಹಾಕಿ, ಕೋಣೆ ಚೆನ್ನಾಗಿ ಕಾದ ಮೇಲೆ ಆಸನಕ್ಕೆ ನಿಲ್ಲುವುದು ಅಲ್ಲಿಯ ಪದ್ಧತಿ. ಬೇಸಿಗೆಯಲ್ಲಿ ಬೀದಿಗೆ ಬಂದರೆ ಪುಕ್ಕಟೆ ಸಿಗುವ ಬೆವರಿಗೆ ಜನ ದುಡ್ಡು ಕೊಟ್ಟು ಬರುತ್ತಿದ್ದರು. ಬರಲಿ, ಅದು ಅವರವರ ಇಷ್ಟ. ಶಾಂಭವಿ ಒಳ್ಳೆಯ ಗುರು ಎಂಬುದರಲ್ಲಿ ಮಾತ್ರ ಎರಡು ಮಾತಿರಲಿಲ್ಲ. ಕುರ್ಚಿಯಲ್ಲಿ ಕೂತು ಕೈ ಎತ್ತಿ, ಕಾಲು ಎತ್ತಿ ಎಂದು ಹೇಳುವ ಪೈಕಿ ಅವಳಲ್ಲ. ಎಲ್ಲರ ಮುಂದೆ ನಿಂತು ಮೊದಲಿನಿಂದ ಕೊನೆಯವರೆಗೆ ತಾನೂ ಮಾಡುತ್ತಿದ್ದಳು.

ಆ ಕೋಣೆ ಕಟ್ಟುವಾಗ ಬೇಡ ಎಂದವರೇ ಹೆಚ್ಚು. ಹೆಂಗಸಿಗೆ ಇದೆಲ್ಲ ಯಾಕೆ ಎಂದಿದ್ದರು, ಈ ಊರಲ್ಲಿ ಯಾರು ಬರುತ್ತಾರೆ ಎಂದಿದ್ದರು. ಬೇಡ ಎಂದವರನ್ನೆಲ್ಲ ದಾಟಿಯೇ ಅವಳು ಇಲ್ಲಿಯವರೆಗೆ ಬಂದಿದ್ದಳು. ಹಾಗಾಗಿ, ತಣ್ಣನೆಯ ಕೋಣೆಯಲ್ಲಿ ಹಗುರವಾಗಿ ಏನಾದರೂ ಮಾಡಿಕೊ, ಬಿಸಿಕೋಣೆ ಮಾತ್ರ ಬೇಡ, ಮೈ ಅಷ್ಟು ಕಾಯುವುದು ಮಗುವಿಗೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದಾಗಲೂ ಅವಳ ಕಿವಿಗೆ ಬಿದ್ದದ್ದು ಅದೇ ಹಳೆಯ ಬೇಡ. ಅತ್ತೆಯೂ ಬೇಡ ಎಂದಳು. ಅಲ್ಲಿಗೆ ಶಾಂಭವಿಯ ಹಟ ಇನ್ನಷ್ಟು ಗಟ್ಟಿಯಾಯಿತು. ತಾನು ಕೂತರೆ ಶಾಲೆ ಕೂತಂತೆ, ಹೆರಿಗೆ ಮುಗಿಸಿ ಬರುವಷ್ಟರಲ್ಲಿ ಶಿಷ್ಯರು ಚದುರಿ ಹೋಗಿರುತ್ತಾರೆ ಎಂಬ ಭಯವೂ ಒಳಗೆ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಬಸಲಿಂಗವ್ವ ಅವಳಿಗೆ ಚಿಕ್ಕಂದಿನಿಂದ ಯೋಗ ಕಲಿಸಿದವಳು. ಶಿಷ್ಯರಿಗೆಲ್ಲ ಅವಳು ಬರೀ ಅವ್ವ. ಹಿಡಿದದ್ದನ್ನು ಅರ್ಧಕ್ಕೆ ಬಿಡಬೇಡ ಎಂದು ಬೆನ್ನಿಗೊಂದು ಗುದ್ದು ಕೊಟ್ಟು ಕಲಿಸಿದ್ದೂ ಈ ಅವ್ವನೇ. ಆ ಮಾತನ್ನೇ ನಂಬಿಕೊಂಡು ಶಾಂಭವಿ ಬಂದಿದ್ದಳು.

ಅವ್ವನ ಮುಂದೆ ಒಂದು ತಟ್ಟೆ ಮಂಡಕ್ಕಿ ಇತ್ತು. ತಟ್ಟೆಯನ್ನು ಇತ್ತ ಸರಿಸಿ, ತಿನ್ನು ಎಂದಳು. ಆಮೇಲೆ ಕೇಳಿದಳು.

“ನಿನಗೆ ಆಗ್ತದೇನು?”

“ಆಗ್ತದೆ ಅವ್ವಾ. ನನ್ನ ಮೈ ನನಗೆ ಗೊತ್ತು.”

“ಕೂಸಿಗೆ?”

ಶಾಂಭವಿ ನಕ್ಕಳು. “ಅದೂ ಒಗ್ಗಿಕೊಂಡಿದೆ. ಮನೆಯಲ್ಲಿದ್ದರೆ ಒದ್ದು ಒದ್ದು ಇಡ್ತದೆ. ಬಿಸಿಕೋಣೆಗೆ ಕಾಲಿಟ್ಟು ಸ್ವಲ್ಪ ಹೊತ್ತಾದರೆ ಸಾಕು, ಅಲ್ಲಾಡೋದಿಲ್ಲ. ಹುಟ್ಟೋ ಮೊದಲೇ ಆಸನ ಹಾಕಿ ಕೂತುಬಿಡ್ತದೆ.”

“ನಿನ್ನ ಹತ್ತಿರ ಕಲಿಯೋರು?”

“ಸಾಕೆನಿಸಿದರೆ ಎದ್ದು ಹೊರಗೆ ಹೋಗಿ ಅಂತ ದಿನಾ ಹೇಳ್ತೀನಿ. ಬಾಗಿಲಿಗೆ ಚಿಲಕ ಕೂಡ ಹಾಕಲ್ಲ. ಇವತ್ತಿನವರೆಗೆ ಒಬ್ಬರೂ ಎದ್ದು ಹೋಗಿಲ್ಲ ಅವ್ವಾ.”

ಈ ಮಾತು ಹೇಳುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಅವ್ವ ಅದನ್ನು ನೋಡಿದಳು. ತಟ್ಟೆಯಲ್ಲಿ ಸೀದು ಕಪ್ಪಾಗಿದ್ದ ಒಂದು ಮಂಡಕ್ಕಿಯನ್ನು ಆರಿಸಿ ಪಕ್ಕಕ್ಕಿಟ್ಟಳು.

“ಹಂಗಾದ್ರೆ ಒಂದು ಕತೆ ಕೇಳು” ಎಂದು ಶುರುಮಾಡಿದಳು.

ಒಂದು ಊರಿನಲ್ಲಿ ಒಂದು ಮಂಡಕ್ಕಿ ಭಟ್ಟಿ ಇತ್ತು. ಅಲ್ಲಿ ಒಬ್ಬಳು ಹುರಿಯುವವಳಿದ್ದಳು.

ಭಟ್ಟಿಯ ಕೆಲಸ ನೋಡುವವರಿಗೆ ಸುಲಭ. ಕೆಳಗೆ ಹೊಟ್ಟಿನ ಉರಿ, ಮೇಲೆ ಬಾಣಲೆ, ಬಾಣಲೆಯಲ್ಲಿ ಕಾದ ಮರಳು. ಮರಳಿಗೆ ಅಕ್ಕಿ ಬಿದ್ದ ಕೂಡಲೇ ಅರಳುತ್ತದೆ. ಅರಳಿದ ಕೂಡಲೇ ಜರಡಿಗೆ ಎತ್ತಿಕೊಳ್ಳಬೇಕು. ಕಣ್ಣು ಮಿಟುಕಿಸುವಷ್ಟು ಮುಂಚೆ ಎತ್ತಿದರೆ ಗಟ್ಟಿ, ಅಷ್ಟೇ ತಡವಾದರೆ ಕರಿ. ಮೇಲೆ ತಗಡಿನ ಮಾಡು. ಒಳಗೆ ನಿಂತವರಿಗೆ ಕೂದಲಿನ ಬುಡದಿಂದ ಹಿಮ್ಮಡಿಯವರೆಗೆ ಬೆವರು. ಅವರು ಹೊಟ್ಟೆಪಾಡಿಗೆ ಬೆವರುತ್ತಿದ್ದರು.

ಹುರಿಯುವವಳ ಕೈಯಲ್ಲಿ ಮಂಡಕ್ಕಿ ಸೀಯುತ್ತಿರಲಿಲ್ಲ. ಉಳಿದ ಹೆಂಗಸರು ಅವಳನ್ನು ನೋಡಿ ಕಲಿತರು. ಅವಳು ಕಲಿಸುವುದರಲ್ಲಿ ಕಳ್ಳತನ ಮಾಡುವವಳಲ್ಲ, ಒಳ್ಳೆಯವಳು. ಭಟ್ಟಿಯ ಹೊರಗೆ ಬೇವಿನ ಮರದ ಕೆಳಗೆ ಒಂದು ಚಪ್ಪಡಿ ಕಲ್ಲು ಹಾಕಿಸಿದ್ದಳು. ಹೊಸದಾಗಿ ಬಂದವರಿಗೆ ಮೊದಲು ಆ ಕಲ್ಲನ್ನೇ ತೋರಿಸುತ್ತಿದ್ದಳು. ತಲೆ ಸುತ್ತಿದರೆ ಯಾರನ್ನೂ ಕೇಳಬೇಡಿ, ಜರಡಿ ಕೆಳಗಿಟ್ಟು ಹೋಗಿ ಅಲ್ಲಿ ಕೂತು ಬನ್ನಿ ಎನ್ನುತ್ತಿದ್ದಳು. ಮಾತು ಬಹಳ ಒಳ್ಳೆಯದಿತ್ತು. ಆದರೆ ಆ ಕಲ್ಲಿನ ಮೇಲೆ ಊರ ಕೋಳಿಗಳು ಕೂರುತ್ತಿದ್ದವೇ ಹೊರತು ಹೆಂಗಸರು ಯಾರೂ ಕೂರುತ್ತಿರಲಿಲ್ಲ.

ಹೀಗಿರುವಾಗ ಹುರಿಯುವವಳು ಬಸುರಿಯಾದಳು. ಹೊಟ್ಟೆ ಕಾಣಿಸಿಕೊಂಡಿತು. ಉರಿಯ ಮುಂದೆ ನಿಲ್ಲಬೇಡ ಎಂದು ನೆರೆಯವರು ಹೇಳಿದರು, ಭಟ್ಟಿಯ ಯಜಮಾನನ ಹೆಂಡತಿಯೂ ಬಂದು ಹೇಳಿದಳು. ಅವಳು ಸೆರಗು ಬಿಗಿದು, ಉರಿ ನನಗೇನು ಹೊಸದೇ ಎಂದಳು. ದೊಡ್ಡ ಬಾಣಲೆಯ ಮುಂದೆ ನಿಲ್ಲುವ ಜಾಗ ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಮರಳು ಜರಡಿ ಹಿಡಿದು, ಹೊಟ್ಟು ಹೊತ್ತು, ವರ್ಷಗಟ್ಟಲೆ ಕಾದು ಪಡೆದ ಜಾಗ. ಒಮ್ಮೆ ಬಿಟ್ಟರೆ ಬೇರೆಯವಳು ನಿಲ್ಲುತ್ತಾಳೆ ಎಂದು ಅವಳಿಗೆ ಅಂಜಿಕೆ. ಆ ಅಂಜಿಕೆಗೆ ಅವಳು ಛಲ ಎಂದು ಹೆಸರಿಟ್ಟುಕೊಂಡಿದ್ದಳು.

ಇಲ್ಲಿಗೆ ಬಂದಾಗ ಶಾಂಭವಿ ತಟ್ಟೆಗೆ ಹಾಕಿದ್ದ ಕೈಯನ್ನು ಹಿಂದಕ್ಕೆ ತೆಗೆದಳು. ಅವ್ವ ಅದನ್ನು ಕಂಡೂ ಕಾಣದವಳಂತೆ ಕತೆ ಮುಂದುವರಿಸಿದಳು.

ಆ ದಿನಗಳಲ್ಲಿ ಭಟ್ಟಿಗೆ ಒಬ್ಬ ಹುಡುಗಿ ಕಲಿಯಲು ಬಂದಳು. ಮದುವೆಯಾಗಿ ಆ ಊರಿಗೆ ಹೊಸದಾಗಿ ಬಂದವಳು. ಹುರಿಯುವವಳ ಪಕ್ಕದ ಸಣ್ಣ ಬಾಣಲೆ ಅವಳದು. ಅವಳು ಹುರಿಯುವವಳ ಕೈ ನೋಡಿದಳು, ಕಾಲು ಇಡುವ ರೀತಿ ನೋಡಿದಳು. ಹಣೆಯ ಬೆವರನ್ನು ಹೆಗಲಿಗೆ ಒರೆಸಿಕೊಳ್ಳುವುದನ್ನೂ ಅವಳಂತೆಯೇ ಮಾಡಿದಳು.

ಒಂದು ಮಧ್ಯಾಹ್ನ ಗಾಳಿ ಆಡಲಿಲ್ಲ. ಹುಡುಗಿಗೆ ಕಣ್ಣು ಕತ್ತಲೆ ಬಂತು. ಅವಳು ಕತ್ತು ತಿರುಗಿಸಿ ಬಾಗಿಲಾಚೆಯ ಕಲ್ಲು ನೋಡಿದಳು. ಆಮೇಲೆ ಇತ್ತ ತಿರುಗಿ ಹುರಿಯುವವಳನ್ನು ನೋಡಿದಳು. ಹುರಿಯುವವಳು ತುಂಬಿದ ಹೊಟ್ಟೆ ಹೊತ್ತು ನಿಂತೇ ಇದ್ದಳು. ಎರಡು ಜೀವದವಳೇ ನಿಂತಿರುವಾಗ ಒಂದು ಜೀವದ ನಾನು ಕೂರುವುದೇ ಎಂದುಕೊಂಡು ಹುಡುಗಿ ತುಟಿ ಕಚ್ಚಿ ನಿಂತಳು. ಅವಳು ಅಲುಗದೆ ನಿಂತದ್ದನ್ನು ಕಂಡು ಹುರಿಯುವವಳಿಗೆ ಸಂತೋಷವೇ ಆಯಿತು. ಹುಡುಗಿ ಗಟ್ಟಿ ಇದ್ದಾಳೆ, ಬೇಗ ಕಲಿಯುತ್ತಾಳೆ ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಹುಡುಗಿ ಬಿದ್ದಳು. ಬೀಳುವಾಗ ಅವಳ ಬಲಗೈ ಮೊಣಕೈಯವರೆಗೆ ಕಾದ ಮರಳಿನೊಳಗೆ ಹೋಯಿತು.

ಹೆಂಗಸರು ಕೂಗಿಕೊಂಡು ಓಡಿಬಂದರು. ಹುರಿಯುವವಳೇ ಅವಳನ್ನು ತಬ್ಬಿ ಎತ್ತಿ, ಹೊರಗೆ ತಂದು ಕಲ್ಲಿನ ಮೇಲೆ ಕೂರಿಸಿ, ಕೈಗೆ ಕೊಡಗಟ್ಟಲೆ ನೀರು ಸುರಿದಳು. ಅವಳಿಗೆ ಹುಡುಗಿಯ ಮೇಲೆ ಪ್ರೀತಿಯಿತ್ತು. ಪ್ರೀತಿ ಇರುವವರಿಗೆ ಹೆದರಿಕೆಯಾದಾಗ ಬೈಗುಳವೇ ಮೊದಲು ಬರುತ್ತದೆ.

“ಕಲ್ಲು ಕಣ್ಣಿಗೆ ಕಾಣಲಿಲ್ಲೇನೇ? ತಲೆ ಸುತ್ತಿದ್ರೆ ಎದ್ದು ಹೋಗು ಅಂತ ದಿನಾ ಬಾಯಿ ಬಡಕೊಂಡೆನಲ್ಲೇ!”

ಹುಡುಗಿ ಅಳುತ್ತಲೇ ಹೇಳಿದಳು. “ಕಲ್ಲೇನೋ ಇತ್ತಕ್ಕಾ. ಅದ್ರ ಮ್ಯಾಲೆ ನೀವು ಕುಂತಿದ್ದು ಒಂದಿನಾನೂ ನೋಡ್ಲಿಲ್ಲ.”

ಹುರಿಯುವವಳು ಕೊಡ ಕೆಳಗಿಟ್ಟಳು. ಆ ದಿನ ಅವಳು ಮತ್ತೆ ಒಳಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಬಂದಳು. ಎಲ್ಲರೂ ಬಾಣಲೆಯ ಮುಂದಿನ ಜಾಗ ಬಿಟ್ಟು ನಿಂತರು. ಅವಳು ತನ್ನ ಜರಡಿಯನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಹೊರಗೆ ಬಂದು, ಕೋಳಿಗಳನ್ನು ಓಡಿಸಿ, ಕಲ್ಲಿನ ಮೇಲೆ ಕೂತಳು.

ಉರಿಯ ಮುಂದೆ ನಿಂತದ್ದಕ್ಕಿಂತ ಅಲ್ಲಿ ಕೂತದ್ದೇ ಅವಳಿಗೆ ಕಷ್ಟವಾಯಿತು. ದಾರಿಹೋಕರು ನಿಂತು ನೋಡಿದರು. ಕುದುರೆ ಕಂಡರೆ ಕಾಲುನೋವು ಎಂದು ಒಬ್ಬಳು ಅವಳಿಗೆ ಕೇಳುವಂತೆಯೇ ಅಂದಳು. ಯಜಮಾನ ಎರಡು ಸಲ ಬಂದು ಇಣುಕಿ ಹೋದ. ಒಳಗೆ ಮಂಡಕ್ಕಿ ಸೀದ ವಾಸನೆ ಬಂದಾಗಲೆಲ್ಲ ಅವಳು ಕಲ್ಲಿಗೆ ಕೈಯೂರಿ ಏಳಲು ಹೋಗುತ್ತಿದ್ದಳು. ಅವಳು ಏಳಲಿಲ್ಲ. ಇಷ್ಟು ವರ್ಷ ನಿಲ್ಲಲು ಎಷ್ಟು ಹಟ ಮಾಡಿದ್ದಳೋ ಕೂರಲು ಅಷ್ಟೇ ಹಟ ಮಾಡಿದಳು. ಕೂತಲ್ಲಿಂದ ಬಾಣಲೆ ಕಾಣುತ್ತಿರಲಿಲ್ಲ. ಕಿವಿಗೊಟ್ಟಳು. ಅಕ್ಕಿ ಅರಳುವ ಚಟಪಟ ಏರಿ, ಇಳಿಯತೊಡಗಿದ ಕೂಡಲೇ ಹೊರಗಿನಿಂದಲೇ, ಎತ್ತಿಕೋ ಎಂದು ಕೂಗಿದಳು. ಒಳಗಿದ್ದವಳು ಎತ್ತಿಕೊಂಡಳು. ಸೀಯಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಬ್ಬಳು ಜರಡಿ ಕೆಳಗಿಟ್ಟು ಹೊರಗೆ ಬಂದಳು. ಕಲ್ಲಿನ ಮೇಲೆ ಅವಳ ಪಕ್ಕ ಕೂತಳು, ನೀರು ಕುಡಿದಳು, ಎದ್ದು ಒಳಗೆ ಹೋದಳು. ಆಮೇಲೆ ಇನ್ನೊಬ್ಬಳು ಬಂದಳು. ಕೈಯ ಗಾಯ ಮಾಗಿದ ಮೇಲೆ ಆ ಹುಡುಗಿಯೂ ಬಂದು ಕೂತಳು. ಬರಬರುತ್ತ ಜಾಗ ಸಾಲದೆ ಪಕ್ಕಕ್ಕೆ ಇನ್ನೊಂದು ಕಲ್ಲು ಉರುಳಿಸಿದರು. ಆ ಭಟ್ಟಿಯಲ್ಲಿ ಮತ್ತೆ ಯಾರೂ ಬೀಳಲಿಲ್ಲ. ಹುರಿಯುವವಳಿಗೆ ಹೆಣ್ಣು ಕೂಸಾಯಿತು.

ಅವ್ವ ಅಷ್ಟಕ್ಕೆ ನಿಲ್ಲಿಸಿದಳು. ಶಾಂಭವಿಗೆ ಬೇಕಾದದ್ದು ಇನ್ನೂ ಸಿಕ್ಕಿರಲಿಲ್ಲ.

“ಬಾಣಂತನ ಮುಗಿಸಿ ಬಂದ ಮೇಲೆ ದೊಡ್ಡ ಬಾಣಲೆ ಅವಳಿಗೆ ವಾಪಸ್ ಸಿಕ್ತಾ ಅವ್ವಾ?”

“ಅಲ್ಲಿ ಅವಳೇ ಕಲಿಸಿದವಳು ನಿಂತಿದ್ದಳು. ಸರಿದು ಜಾಗ ಕೊಟ್ಟಳೋ ಇಲ್ಲೋ, ನನಗೆ ಕತೆ ಹೇಳಿದವರು ಅದನ್ನ ಹೇಳಲಿಲ್ಲ.”

ಶಾಂಭವಿ ತಲೆ ತಗ್ಗಿಸಿ ಕೂತಳು. ತನ್ನ ಕೋಣೆಯಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವ ಒಬ್ಬಳು ಮೊನ್ನೆ ಬಾಗಿಲ ಕಡೆ ನೋಡಿ, ಆಮೇಲೆ ತನ್ನ ಕಡೆ ನೋಡಿದ್ದು ಈಗ ನೆನಪಿಗೆ ಬಂತು. ಆಗ ಅದನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಪ್ಪು ಎಲ್ಲಿದೆ ಎಂದು ಅವಳಿಗೆ ತಿಳಿಯಿತು, ಅಥವಾ ತಿಳಿಯಿತೆಂದು ಅವಳು ಅಂದುಕೊಂಡಳು. ತಿಳಿದ ಮೇಲೆ ಸರಿಮಾಡದೆ ಬಿಡುವ ಹೆಣ್ಣಲ್ಲ ಅವಳು. ಹಟ ಮತ್ತೆ ತಲೆ ಎತ್ತಿತು.

“ಆಯ್ತವ್ವಾ. ನಾಳೆಯಿಂದ ತರಗತಿಯ ನಡುವೆ ಎಲ್ಲರಿಗೂ ಕಾಣೋ ಹಾಗೆ ನಾನೇ ಮೊದಲು ಎದ್ದು ಹೊರಗೆ ಹೋಗಿ ಕೂತು ಬರ್ತೀನಿ. ಬಾಗಿಲ ಹೊರಗೆ ಬೆಂಚು ಹಾಕಿಸ್ತೀನಿ. ಆಗ ನನ್ನ ಮುಖ ನೋಡಿಕೊಂಡು ಯಾರೂ ಒಳಗೆ ಒದ್ದಾಡೋದಿಲ್ಲ. ಆದರೆ ಬಿಸಿಕೋಣೆ ಮಾತ್ರ ಬಿಡಲ್ಲ. ಸಾಕೆನಿಸಿದವರು ಎದ್ದು ಹೋದರೆ ಆಯ್ತಲ್ಲ, ಇನ್ನೇನು ತೊಂದರೆ?”

ಅವ್ವ ಪಕ್ಕಕ್ಕಿಟ್ಟಿದ್ದ ಸೀದ ಮಂಡಕ್ಕಿಯನ್ನು ಎತ್ತಿ ಶಾಂಭವಿಯ ಅಂಗೈಯಲ್ಲಿಟ್ಟಳು.

“ಅವರು ಎದ್ದು ಹೋಗ್ತಾರೆ ಮಗಳೇ. ಬಿಸಿಕೋಣೆಗೆ ಹೋಗಿ ಸ್ವಲ್ಪ ಹೊತ್ತಾದರೆ ಹೊಟ್ಟೆಯೊಳಗಿನ ಕೂಸು ಅಲ್ಲಾಡದೆ ಕೂತುಬಿಡ್ತದೆ ಅಂದೆಯಲ್ಲ, ಅದಕ್ಕೆ ಸಾಕೆನಿಸಿದರೆ ಎದ್ದು ಹೋಗಿ ಎಲ್ಲಿ ಕೂರಬೇಕು?”