ಬಗ್ಗಿದ ಇಸೊಮಿಯ ಬೆಟ್ಟಗಳು ಏಳಲೇ ಇಲ್ಲ

ಭೂಮಿಯ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಕ್ಕೆ ಮಾತು ಬರುತ್ತಿತ್ತು, ಸಮುದ್ರಕ್ಕೂ ಬರುತ್ತಿತ್ತು. ಗಾಳಿಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ, ಥೇಟ್ ನಿನ್ನ ಹಾಗೆ. ಸುಮ್ಮನೆ ಕೂತು ಕೇಳು.

ಜಪಾನಿನಲ್ಲಿ ಇಸೊಮಿ ಅಂತ ಒಂದು ಪ್ರಾಂತ. ಪ್ರಾಂತ ಅಂದರೆ ನಮ್ಮ ಜಿಲ್ಲೆಗಿಂತ ಸ್ವಲ್ಪ ದೊಡ್ಡದು ಅಂದುಕೋ. ಆಗ ಅದರ ಕರಾವಳಿ ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಈಚೆ ಬೆಟ್ಟಗಳ ಸಾಲು, ಆಚೆ ಸಮುದ್ರ. ದೋಣಿ ನಿಲ್ಲಿಸೋಣ ಅಂದರೆ ಒಂದು ಮೂಲೆ ಇಲ್ಲ. ಬಿರುಗಾಳಿ ಬಂತೋ, ದೋಣಿ ಬಂಡೆಗೆ ಬಡಿದು ಚೂರುಚೂರು.

ಆ ಊರಲ್ಲಿ ತ್ಸುಯು ಅಂತ ಒಬ್ಬ ಹೆಂಗಸು. ಅವಳ ಗಂಡ ಗೆನ್ಜೊ ಮೀನು ಹಿಡಿಯೋಕೆ ಹೋಗಿದ್ದಾಗ ಆಕಾಶ ಕಪ್ಪಾಯಿತು. ತ್ಸುಯು ಪ್ರಾಂತದ ಸಭೆಗೆ ಓಡಿದಳು. ದೊಡ್ಡ ಬೆಟ್ಟ, ಸಮುದ್ರ, ಇವರಿಬ್ಬರೇ ಆ ಸಭೆಯ ಸದಸ್ಯರು. ಅಧ್ಯಕ್ಷರು ಒಂದು ನೀರುಕಾಗೆ.

"ಅಧ್ಯಕ್ಷರೇ, ನನ್ನ ಗಂಡ ನೀರಿನ ಮೇಲಿದ್ದಾರೆ! ದೋಣಿ ಒಳಗೆ ಬರೋಕೆ ಒಂಚೂರು ಜಾಗ ಮಾಡಿಸಿಕೊಡಿ!"

'ನಾನ್ಯಾಕೆ ಜರುಗಲಿ?' ಅಂದುಕೊಂಡಿತು ಬೆಟ್ಟ. 'ನಾನ್ಯಾಕೆ ಜರುಗಲಿ?' ಅಂದುಕೊಂಡಿತು ಸಮುದ್ರ. ಇಬ್ಬರೂ ಜಗಮೊಂಡರು. ಆದರೆ ಮರ್ಯಾದೆ ಇದೆಯಲ್ಲ, ಅದರಲ್ಲಿ ಅವರನ್ನು ಮೀರಿಸುವವರೇ ಇರಲಿಲ್ಲ.

"ಮೊದಲು ನಮಸ್ಕಾರ, ಆಮೇಲೆ ಚರ್ಚೆ," ಅಂದಿತು ನೀರುಕಾಗೆ.

ಅಲ್ಲಿಯವರು ಕೈ ಮುಗಿಯೋದಿಲ್ಲ, ಸೊಂಟ ಬಗ್ಗಿಸುತ್ತಾರೆ. ಎದುರಿನವರು ಬಗ್ಗಿರುವಾಗ ನಾವು ಮೊದಲು ತಲೆ ಎತ್ತಿದರೆ ಕೆಟ್ಟ ನಡತೆ. ಹೆಸರಿನ ಕೊನೆಗೆ 'ಸಾನ್' ಸೇರಿಸಬೇಕು, ನಾವು 'ಅವರೇ' ಅನ್ನುತ್ತೇವಲ್ಲ, ಹಾಗೆ.

"ನಮಸ್ಕಾರ, ಸಮುದ್ರ ಸಾನ್," ಅಂತ ಬೆಟ್ಟ ಬಗ್ಗಿತು.

"ನಮಸ್ಕಾರ, ಬೆಟ್ಟ ಸಾನ್," ಅಂತ ಸಮುದ್ರ ಇನ್ನೂ ಕೆಳಗೆ ಬಗ್ಗಿತು.

ಬೆಟ್ಟಕ್ಕೆ ರೋಷ ಬಂತು. ಆಹಾ, ನನಗಿಂತ ಕೆಳಗಾ? ಇನ್ನಷ್ಟು ಬಗ್ಗಿತು. ಅಣ್ಣ ಬಗ್ಗಿದ ಅಂತ ಸಾಲಿನಲ್ಲಿದ್ದ ತಮ್ಮಂದಿರೂ ಬಗ್ಗಿದರು. ಸಮುದ್ರ ಬಗ್ಗಿ ಬಗ್ಗಿ ಬೆಟ್ಟಗಳ ಸಂದಿಯೊಳಗೇ ನುಗ್ಗಿತು. ಬೆಟ್ಟಗಳು ಬಗ್ಗಿ ಬಗ್ಗಿ ಮೂಗನ್ನು ನೀರಿಗೇ ಅದ್ದಿದವು.

ಸರಿ, ಈಗ ಏಳೋರು ಯಾರು?

"ತಾವು ಮೊದಲು ಏಳಬೇಕು."

"ಛೆ ಛೆ, ತಾವು ಹಿರಿಯರು. ತಾವೇ."

"ಎಲ್ಲಾದರೂ ಉಂಟೇ! ತಾವೇ."

"ಇಬ್ಬರೂ ಏಳೋವರೆಗೆ ಸಭೆ ಶುರುವಿಲ್ಲ," ಅಂತ ನೀರುಕಾಗೆ ರೆಕ್ಕೆ ಹರಡಿಕೊಂಡು ಕೂತಿತು.

"ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ! ಅಲ್ಲಿ ನನ್ನ ಗಂಡ ಸಾಯ್ತಿದ್ದಾರೆ!" ಅಂತ ತ್ಸುಯು ಗೋಳೋ ಅಂತ ಅತ್ತಳು. ಕಣ್ಣೊರೆಸಿಕೊಂಡು ನೋಡುತ್ತಾಳೆ, ಹೊರಗೆ ಅಲೆಗಳು ಬೆಟ್ಟಗಳ ತಲೆಗೆ ಧಡ್ ಧಡ್ ಅಂತ ಬಡಿಯುತ್ತಿವೆ. ಆದರೆ ಎರಡು ತಲೆಗಳ ನಡುವೆ ಒಳಗೆ ಬಂದ ನೀರು ಕೊಳದ ಹಾಗೆ ತಣ್ಣಗಿದೆ!

"ಏನೂಂದ್ರೇ! ಈ ಸಂದಿಗೆ ಬನ್ನಿ! ಈ ಸಂದಿಗೆ!"

ಗೆನ್ಜೊ ಹುಟ್ಟು ಹಾಕಿ ಹಾಕಿ ಒಳಗೆ ಬಂದ. ಮೈಯೆಲ್ಲ ಒದ್ದೆ. ಬಗ್ಗಿದ ಬೆಟ್ಟಗಳನ್ನು ನೋಡಿ, "ಸಭೆ ಒಪ್ಪಿತೇನೇ?" ಅಂದ.

"ಸಭೆ ಇನ್ನೂ ಶುರುವೇ ಆಗಿಲ್ಲ, ಸುಮ್ಮನೆ ಇಳೀರಿ!" ಅಂತ ಅವಳು ಅಳುತ್ತಾ ನಗುತ್ತಾ ಅವನನ್ನು ದಡಕ್ಕೆ ಎಳೆದುಕೊಂಡಳು.

ಬಿರುಗಾಳಿ ನಿಂತಿತು. ಬೆಟ್ಟಕ್ಕೆ ಸೊಂಟ ಹಿಡಿದುಕೊಂಡಿತ್ತು. "ಸಮುದ್ರ ಸಾನ್, ಇಬ್ಬರೂ ಒಟ್ಟಿಗೇ ಎದ್ದುಬಿಡೋಣವೇ?" ಅಂತ ಪಿಸುಗುಟ್ಟಿತು. ಸಮುದ್ರವೂ ಹೂಂ ಅಂದಿತು.

ತ್ಸುಯು ಇದನ್ನು ಕೇಳಿಸಿಕೊಂಡಳು. ಇವರು ಎದ್ದರೆ ದಡ ಮತ್ತೆ ನೆಟ್ಟಗಾಗುತ್ತದೆ. ನಾಳೆ ಮತ್ತೆ ಗಂಡ ಸಮುದ್ರಕ್ಕೆ ಹೋಗಲೇಬೇಕು. ಅವಳು ಓಡಿಹೋಗಿ ಇಬ್ಬರ ಮುಂದೆ ನಿಂತು, ಹಣೆ ಮಂಡಿಗೆ ತಾಗುವಷ್ಟು ಬಗ್ಗಿ, "ತಮ್ಮಿಂದ ದೊಡ್ಡ ಉಪಕಾರವಾಯಿತು" ಅಂದಳು.

ಬಗ್ಗಿದವರ ಮುಂದೆ ತಲೆ ಎತ್ತೋದು ಹೇಗೆ? ಪಾಪ, ಇಬ್ಬರೂ "ಅಯ್ಯೋ, ಅಷ್ಟೆಲ್ಲ ಯಾಕೆ" ಅನ್ನುತ್ತಾ ಮತ್ತೆ ಬಗ್ಗಿದರು. ಅವಳಿಗೆ ಸುಸ್ತಾದಾಗ ಗೆನ್ಜೊ ಬಗ್ಗಿದ. ಅವನಿಗೆ ಸುಸ್ತಾದಾಗ ಪಕ್ಕದ ಮನೆಯವರು ಬಗ್ಗಿದರು. ಆಮೇಲೆ ಅವರ ಮಕ್ಕಳು, ಮೊಮ್ಮಕ್ಕಳು.

ಅದಕ್ಕೇ ಮರಿ, ಇವತ್ತಿಗೂ ಭೂಪಟದಲ್ಲಿ ನೋಡು, ಜಪಾನಿನ ಅಂಚು ಎಷ್ಟೋ ಕಡೆ ಗರಗಸದ ಹಲ್ಲಿನ ಹಾಗಿದೆ, ಬಗ್ಗಿದ ಬೆಟ್ಟಗಳ ಸಂದಿ ಸಂದಿಯಲ್ಲೂ ದೋಣಿಗಳು ನಿಶ್ಚಿಂತೆಯಾಗಿ ಮಲಗಿವೆ.