ಒಳಕೋಣೆಯ ಅಡುಗೆಯವಳು

ಕರೆಮಲೆಯ ದೊರೆ ಡಂಗುರ ಸಾರಿಸಿದ: "ನಮ್ಮ ಮಗಳು ಪದುಮಲೆ ಕೇಳುವ ಮೂರು ಒಗಟುಗಳನ್ನು ಒಡೆದವನಿಗೆ ಅವಳನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪು ಹೇಳಿದವನ ತಲೆ ಸಂಜೆಗೆ ಇಳಿಯುತ್ತದೆ. ಪರದೇಶದ ರಾಜಕುಮಾರರು ಬರುವುದನ್ನು ನಿಲ್ಲಿಸಿರುವುದರಿಂದ, ಇನ್ನು ಊರಿನ ಮದುವೆಯಾಗದ ಗಂಡಸರು ಸರದಿಯಂತೆ ಬರತಕ್ಕದ್ದು."

ರಾಜಕುಮಾರರು ಯಾಕೆ ನಿಲ್ಲಿಸಿದರು ಅಂತ ಡಂಗುರದವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಸರದಿ ಬಂದವರಲ್ಲಿ ಛತ್ರದ ಬೀರನೂ ಒಬ್ಬ. ಅವನ ಅಡುಗೆಗೆ ದಾರಿಹೋಕರು ಮುಗಿಬೀಳುತ್ತಿದ್ದರು. ಹೊಗಳಿದರೆ ಬೀರ ತಲೆ ತಗ್ಗಿಸುತ್ತಿದ್ದ. ಎಂಥ ವಿನಯ ಅನ್ನುತ್ತಿದ್ದರು ಜನ. ವಿನಯವೂ ಅಲ್ಲ, ಮಣ್ಣೂ ಅಲ್ಲ, ನಾಚಿಕೆ. ಅಡುಗೆ ಮಾಡುತ್ತಿದ್ದವಳು ಅವನ ತಾಯಿ ಕೆಂಚವ್ವ. ಅವಳ ಕಣ್ಣು ಮಂಜಾದ ಮೇಲೆ ಒಂದು ಮದುವೆಯ ಊಟದಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕಿ, ಗಂಡಿನ ಕಡೆಯವರು ಪಂಕ್ತಿಯಿಂದ ಎದ್ದುಹೋಗಿದ್ದರು. ಅಂದಿನಿಂದ ಬೀರ ಅವಳನ್ನು ಛತ್ರದ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಇಟ್ಟಿದ್ದ. ಅಕ್ಕಿಯನ್ನು ತಾನೇ ಆರಿಸಿ ಒಳಗೆ ಕೊಡುತ್ತಿದ್ದ, ಅವಳು ಬೇಯಿಸಿದ್ದನ್ನು ತಂದು ಬಡಿಸುತ್ತಿದ್ದ. ಅವ್ವ ಎಲ್ಲಿ ಅಂದರೆ, ಅವಳ ತಂಗಿಯ ಊರಿಗೆ ಹೋಗಿದ್ದಾಳೆ ಅನ್ನುತ್ತಿದ್ದ.

ಸಭೆಯಲ್ಲಿ ಅವನ ಪಕ್ಕಕ್ಕೆ ಎಣ್ಣೆ ವ್ಯಾಪಾರಿಯ ಮಗನೂ ಗರಡಿಯ ಪೈಲ್ವಾನನೂ ನಿಂತಿದ್ದರು. ಗಿಡಗಂಟೆಗಳ ನಡುವೆಯೇ ಬೆಳೆದ ಪದುಮಲೆ ಮೊದಲ ಒಗಟು ಹೇಳಿದಳು.

"ಹಸಿರು ಗೋಡೆಯ ಮನೆ. ಬಿಸಿಲೇ ಅದರ ಒಲೆ, ಗಾಳಿಯಲ್ಲೇ ಅದರ ದವಸ. ಒಳಗೊಬ್ಬ ಆದಿಕಾಲದ ಅಡುಗೆಯವಳು. ತಂಪಿದ್ದಾಗ ಹೇಗೋ ನಡೆಯುತ್ತದೆ. ಧಗೆ ಏರಿದರೆ ಅಕ್ಕಿಯೆಂದು ಕಲ್ಲನ್ನೂ ಎತ್ತಿ ಪಾತ್ರೆಗೆ ಹಾಕುತ್ತಾಳೆ. ಬಾಗಿಲು ತೆರೆದರೆ ಮನೆಯ ನೀರು ಆರಿಹೋಗುತ್ತದೆ, ಮುಚ್ಚಿದರೆ ದವಸ ಬರುವುದಿಲ್ಲ. ಯಾವ ಮನೆ?"

"ನಮ್ಮ ಅತ್ತಿಗೆಯ ತವರುಮನೆ," ಅಂದ ಎಣ್ಣೆಯವನ ಮಗ. ಸಭೆ ನಕ್ಕಿತು. ಕಾವಲಿನವರು ನಗದೆ ಅವನ ರಟ್ಟೆ ಹಿಡಿದರು.

ಕಲ್ಲು ಅನ್ನುವ ಮಾತಿಗೇ ಬೀರನ ಮುಖ ಬಿಸಿಯಾಗಿತ್ತು. "ಎಲೆ, ತಾಯಿ. ಭತ್ತದ ಎಲೆ," ಅಂದ. "ಬುಡದಲ್ಲಿ ನೀರು ನಿಂತಿದ್ದರೂ ಸುಡುಬಿಸಿಲಿಗೆ ಸೊರಗುತ್ತದೆ."

"ನಾನೂ ಅದನ್ನೇ ಹೇಳೋನಿದ್ದೆ," ಅಂದ ಪೈಲ್ವಾನ.

"ಹಾಗಾದರೆ ಎರಡನೆಯದು ನಿನಗೇ," ಅಂದಳು ಪದುಮಲೆ. "ಇನ್ನೊಂದು ಮನೆ. ಅಡುಗೆಯವಳು ಅವಳೇ, ಧಗೆ ಇನ್ನೂ ಹೆಚ್ಚು. ಆದರೂ ಅಡುಗೆಯಲ್ಲಿ ಕಲ್ಲಿಲ್ಲ. ಆ ಮನೆಯವರು ಏನು ಮಾಡಿದರು?"

"ಆ ಮುದುಕಿಯನ್ನು ಓಡಿಸಿ ಹೊಸಬಳನ್ನು ತಂದರು. ಅದಕ್ಕೂ ಒಗಟು ಬೇಕಾ?"

"ಹೊಸ ಅಡುಗೆಯವಳು ಇವತ್ತಿನವರೆಗೂ ಯಾವ ಎಲೆಗೂ ಸಿಕ್ಕಿಲ್ಲ," ಅಂದಳು. ಪೈಲ್ವಾನನನ್ನು ಹಿಡಿದುಕೊಳ್ಳಲು ನಾಲ್ಕು ಜನ ಬೇಕಾದರು.

ಬೀರ ನೆಲ ನೋಡುತ್ತಾ ಹೇಳಿದ: "ಅವಳನ್ನ ಒಳಕೋಣೇಲಿ ಇಟ್ರು, ತಾಯಿ. ಜಗಲೀಲಿ ಇನ್ನೊಬ್ಬ ನಿಂತು, ಕಲ್ಲು ಬಿಟ್ಟು ಅಕ್ಕಿ ಮಾತ್ರ ಆರಿಸಿ ಒಳಕ್ಕೆ ಕೊಡ್ತಾನೆ. ಅವಳ ಕೈಗೆ ಕಲ್ಲು ಸಿಗೋದೇ ಇಲ್ಲ. ಜೋಳ, ಕಬ್ಬು ಇರಬೇಕು. ಬಿಸಿಲು ಸುರಿದಷ್ಟೂ ಬೆಳೀತವೆ."

"ಸರಿ. ನಿನಗೆ ಹೇಗೆ ತಿಳಿಯಿತು?"

"ಊಹೆ," ಅಂದ ಬೀರ.

ದೊರೆ ಗದರಿದ. "ಊಹೆಗೆಲ್ಲ ಮಗಳನ್ನು ಕೊಡುವುದಿಲ್ಲ. ಮೂರನೆಯದಕ್ಕೆ, ಹೇಗೆ ಗೊತ್ತೆಂಬುದನ್ನೂ ಹೇಳತಕ್ಕದ್ದು. ಹೇಳದಿದ್ದರೂ ತಲೆ ಹೋಗುತ್ತದೆ."

ಪದುಮಲೆ ಕೇಳಿದಳು: "ಮೂರನೆಯ ಮನೆ ಹಗಲು ಬಾಗಿಲು ತೆರೆಯುವುದೇ ಇಲ್ಲ. ಆದರೂ ಅಡುಗೆ ಆಗುವುದು ಹಗಲಲ್ಲೇ. ಬೆಳಗ್ಗೆ ಮನೆ ತುಂಬ ಹುಳಿ, ಸಂಜೆಗೆ ಸಪ್ಪೆ. ಯಾವುದು? ಈ ಮನೆಗಳಿಗೆಲ್ಲ ಉಪಾಯ ಕಲಿಸಿದವರು ಯಾರು?"

ಬೀರನಿಗೆ ಉತ್ತರ ಗೊತ್ತಿತ್ತು. ಹೇಗೆ ಗೊತ್ತೆಂದು ಈ ಜನರ ಮುಂದೆ ಬಾಯಿಬಿಡುವುದಕ್ಕಿಂತ ಕತ್ತು ಕೊಡುವುದೇ ಸಲೀಸು ಅನ್ನಿಸಿತು. ಆದರೆ ತಾನು ಸತ್ತರೆ ಆ ಕೋಣೆಯ ಬಾಗಿಲು ತೆರೆಯುವವರು ಯಾರು? ಅಲ್ಲೊಬ್ಬಳಿದ್ದಾಳೆ ಅಂತ ಊರಿಗೇ ಗೊತ್ತಿಲ್ಲ.

"ಕಾಡುಬಸಳೆ, ಎಲೆ ಅಂಚಲ್ಲೇ ಮರಿ ಹುಟ್ಟೋ ಗಿಡ," ಅಂದ. "ಕಳ್ಳಿ, ಲೋಳೆಸರಾನೂ ಅದೇ ಜಾತಿ ಮನೆ ಇರಬೇಕು. ನಮ್ಮವ್ವ ಕತ್ತಲಕೋಣೇಲಿ ಇದಾಳೆ, ಬುದ್ಧಿ. ಕಣ್ಣೂ ಕಾಣಲ್ಲ. ಹೊತ್ತು ತಿಳಿಯೋಕೆ ಕಾಡುಬಸಳೆ ಎಲೆ ಕಿತ್ತು ಕೊಡು ಅಂತಾಳೆ. ಅಗಿದು, ಹುಳಿ ಇದ್ರೆ ಬೆಳಗಾಯ್ತು ಅಂತಾಳೆ. ಸಪ್ಪೆ ಇದ್ರೆ ಸಂಜೆ ಆಯ್ತು ಅಂತಾಳೆ. ಛತ್ರದ ಅಡುಗೆ ನಂದಲ್ಲ, ಅವಳದು. ನಾನೇ ಕೂಡಿಹಾಕಿದೀನಿ. ಕಲಿಸಿದವರು ಯಾರೂ ಇಲ್ಲ. ನನಗೂ ಯಾರೂ ಹೇಳಿಕೊಡಲಿಲ್ಲ, ಕಷ್ಟ ಬಂದಾಗ ಕೋಣೆ ಕಂಡಿತು ಅಷ್ಟೆ."

ಬೀರನಿಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು.

ಪದುಮಲೆ ದೊರೆಯ ಕಡೆ ತಿರುಗಿದಳು. "ಸರಿಯಾಗಿದೆ ಅಪ್ಪಾಜಿ. ಅಡುಗೆಯವಳೆಂದರೆ ಗಾಳಿಯಿಂದ ಆಹಾರ ಕಟ್ಟುವ ಎಲೆಯೊಳಗಿನ ಸತ್ವ, ಕಲ್ಲೆಂದರೆ ಗಾಳಿಯಲ್ಲೇ ಇರುವ, ಆ ಅಡುಗೆಗೆ ಒದಗದ ಪಾಲು. ಒಂದು ಕಾಲದಲ್ಲಿ ಗಾಳಿಯಲ್ಲಿ ಎಲೆಗೆ ಬೇಕಾದ ದವಸ ಯಥೇಚ್ಛವಾಗಿತ್ತು. ಅಡುಗೆಯವಳ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಗಾಳಿ ಬಡವಾಯಿತು, ನೆಲ ಕಾಯಿತು. ಭತ್ತ ಹಳೆಯ ಹಾಗೆಯೇ ಉಳಿಯಿತು. ಜೋಳ ಒಳಕೋಣೆ ಕಟ್ಟಿತು. ಕಳ್ಳಿ ರಾತ್ರಿ ಬಾಗಿಲು ತೆರೆದು, ದವಸವನ್ನು ಹುಳಿ ಮಾಡಿಟ್ಟುಕೊಂಡು, ಹಗಲು ಬಾಗಿಲು ಹಾಕಿ ಬೇಯಿಸಿತು. ಯುಗಯುಗ ಹಿಡಿಯಿತು. ನಂಟೇ ಇಲ್ಲದ ಮನೆತನಗಳು ಎಲ್ಲೆಲ್ಲೋ ಮತ್ತೆ ಮತ್ತೆ ಅದೇ ದಾರಿ ಕಂಡುಕೊಂಡವು." ಆಮೇಲೆ ಬೀರನನ್ನು ನೋಡಿದಳು. "ಎಲೆಗಳು ಅವಳನ್ನು ಬಚ್ಚಿಟ್ಟಿದ್ದು ಬದುಕುವುದಕ್ಕೆ. ನೀನು?"

"ಮಾನಕ್ಕೆ ಅಂಜಿ," ಅಂದ ಬೀರ.

ದೊರೆ ಕೊಟ್ಟ ಮಾತು ಉಳಿಸಿಕೊಂಡ. ಮಗಳಿಗೆ ಕೊನೆಗೂ ಗಂಡು ಸಿಕ್ಕ ಖುಷಿಯಲ್ಲಿ ಎಣ್ಣೆಯವನ ಮಗನಿಗೂ ಪೈಲ್ವಾನನಿಗೂ ತಲೆ ಉಳಿಯಿತು. ಪದುಮಲೆ ಇಷ್ಟೇ ಹೇಳಿದಳು: "ಹೋಗಿ ಅತ್ತೆಯನ್ನು ಕರೆದುಕೊಂಡು ಬಾ. ಅವರು ಒಪ್ಪಿದರೆ ಮದುವೆ."

ಬೀರ ಓಡಿಹೋಗಿ ಕೋಣೆಯ ಬಾಗಿಲು ತೆರೆದು ಅವಳ ಕಾಲ ಬಳಿ ಕುಸಿದ. "ಅವ್ವಾ, ನೀನು ಚಿಕ್ಕಮ್ಮನ ಊರಿಗೆ ಹೋಗಿದೀಯ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೆ."

"ಗೊತ್ತು ಕಣ್ ಮಗ," ಅಂದಳು ಕೆಂಚವ್ವ, ಅವನ ತಲೆ ತಡವುತ್ತಾ. "ಈ ಗೋಡೆ ಅಷ್ಟೇನೂ ದಪ್ಪ ಇಲ್ಲ. ಊಟ ಚೆನ್ನಾಗಿದೆ ಅಂತ ಉಣ್ಣೋರು ಅನ್ನೋದೂ ಕೇಳಿಸ್ತಿತ್ತು. ಅಷ್ಟು ಸಾಕಾಗಿತ್ತು ನಂಗೆ."

ಬೀರನಿಗೆ ತಲೆಯೆತ್ತಲು ಆಗಲಿಲ್ಲ. ಆಮೇಲೆ ಅವಳ ಕೈ ಹಿಡಿದು ಎಬ್ಬಿಸಿ, ಊಟಕ್ಕೆ ಕೂತಿದ್ದ ಜನರ ನಡುವೆಯೇ ಬೀದಿಯ ಕಡೆ ಕರೆದುಕೊಂಡು ಹೊರಟ. ಯಾರಪ್ಪ ಇವರು ಅಂತ ಒಬ್ಬ ಕೇಳಿದ. "ನಮ್ಮವ್ವ," ಅಂದ ಬೀರ. "ನೀವು ಉಣ್ತಾ ಇರೋದು ಇವಳ ಅಡುಗೆ."