ಗಲ್ಲಿ ತುಂಬ ಸಂಡಿಗೆ

ಶಾಲೆಯಿಂದ ನೂರು ಮೀಟರ್ ಒಳಗಿದ್ದರೆ ವೈನ್ ಶಾಪಿಗೆ ಲೈಸೆನ್ಸ್ ಇಲ್ಲ. ಪರಿಶೀಲನೆಗೆ ಬಂದ ಇನ್‌ಸ್ಪೆಕ್ಟರ್ ಮುಂದೆ ಮಾಲೀಕ ಶಿವನಂಜಪ್ಪ ಎದೆಯುಬ್ಬಿಸಿದ.

"ಗಲ್ಲಿ ಸುತ್ತಿ ನೂರಾ ಹತ್ತು ಮೀಟರ್, ಸಾರ್. ಗಿರಾಕಿಗಳಿಗೆ ಇದೊಂದೇ ದಾರಿ."

ಶಾಲೆಯ ಅಡುಗೆಯ ಪುಟ್ಟತಾಯಮ್ಮನಿಗೆ ನಿಜ ಗೊತ್ತಿತ್ತು. ಗಿರಾಕಿಗಳೆಲ್ಲ ಒಡೆದ ಕಾಂಪೌಂಡ್ ನುಸುಳಿ, ಮಕ್ಕಳ ಆಟದ ಮೈದಾನದಲ್ಲೇ ಹಾದು ಬರುತ್ತಿದ್ದರು. ಅದಕ್ಕೇ ಅವಳು ಬೆಳಿಗ್ಗೆಯೇ ಗಲ್ಲಿಯ ಅಗಲಕ್ಕೂ ಸಂಡಿಗೆ ಒಣಹಾಕಿದ್ದಳು.

"ಇವತ್ತು ವ್ಯಾಪಾರ ಹೇಗಣ್ಣಾ?" ಇನ್‌ಸ್ಪೆಕ್ಟರ್ ಎದುರೇ ಶಿವನಂಜಪ್ಪನನ್ನು ಕೇಳಿದಳು.

"ಆಗಲೇ ಇನ್ನೂರು ಜನ ಬಂದು ಹೋದ್ರು!"

"ನನ್ನ ಒಂದು ಸಂಡಿಗೇನೂ ಮುರಿದಿಲ್ವಲ್ಲಣ್ಣಾ. ಎಲ್ರೂ ಹಾರ್ಕೊಂಡು ಬಂದ್ರಾ?"

ಪುಟ್ಟತಾಯಮ್ಮ ಒಡೆದ ಕಾಂಪೌಂಡಿನತ್ತ ಕೈ ತೋರಿಸಿದಳು. ಇನ್‌ಸ್ಪೆಕ್ಟರ್ ಮೈದಾನದ ಮೇಲೆ ಟೇಪು ಎಳೆದರು. ನಲವತ್ತೇ ಮೀಟರ್. ಲೈಸೆನ್ಸ್ ರದ್ದಿಗೆ ಅಲ್ಲೇ ಬರೆದು, ಹೊರಡುವಾಗ ಎರಡು ಸಂಡಿಗೆ ಕೇಳಿದರು.

"ನಾಳೆ ಬಿಸಿಯೂಟಕ್ಕೆ ಎಣ್ಣೇಲಿ ಕರೀತೀನಿ ಸಾರ್. ಬನ್ನಿ, ಮಕ್ಕಳ ಸಾಲಲ್ಲಿ ಕೂತ್ಕೊಳ್ಳಿ."